ತಂಗಿಗೆ 17, ಹುಡುಗನ ಮೇಲೆ ಹಳೇ ಕೇಸು: ಮೊದಲು ನೋಡಬೇಕಾದ್ದು ಅಂಕಪಟ್ಟಿ

ತಂಗಿಗೆ 17, ಅವಳು ಇಷ್ಟಪಟ್ಟ ಹುಡುಗನಿಗೆ 21, ಅವನ ಮೇಲೆ ಹೊಡೆದಾಟದ ಕೇಸೊಂದಿದೆಯಂತೆ, ಅದು ನಾಳೆ ತಂಗಿಯ ಕೊರಳಿಗೆ ಸುತ್ತಿಕೊಳ್ಳುತ್ತಾ ಅಂತ ಕೇಳಿದ್ದೀರಿ. ಇಲ್ಲ, ಅವನ ಕೇಸು ಅವನದು. ಆದರೆ ಅದಕ್ಕಿಂತ ಮೊದಲು ತಂಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಹುಟ್ಟಿದ ತಾರೀಖು ನೋಡಿ.

ಕ್ರಿಮಿನಲ್ ಕಡೆ ವಕೀಲಿ ಮಾಡುತ್ತಾ ಹತ್ತು ವರ್ಷವಾಯಿತು. ಓಡಿಹೋದ ಜೋಡಿಗಳ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ಕೇಸುಗಳೇ ಒಂದು ರಾಶಿ ನೋಡಿದ್ದೇನೆ. ಹುಡುಗಿ ಮನೆ ಬಿಡುತ್ತಾಳೆ, ಅಪ್ಪ ಠಾಣೆಗೆ ಹೋಗುತ್ತಾರೆ, 18 ತುಂಬಿಲ್ಲ ಅಂದ ತಕ್ಷಣ ಅದು ಅಪಹರಣ. ಸಿಕ್ಕಮೇಲೆ ಹುಡುಗ ಜೈಲಿಗೆ. ಹುಡುಗಿ ಮನೆಗೆ ಹೋಗಲ್ಲ ಅಂದರೆ ಬಾಲಮಂದಿರಕ್ಕೆ. 2012ರ ಪೋಕ್ಸೊ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ‘ನಾನೇ ಇಷ್ಟಪಟ್ಟು ಹೋದೆ’ ಅನ್ನುವುದಕ್ಕೆ ಅಲ್ಲಿ ಬೆಲೆಯಿಲ್ಲ. ದೈಹಿಕ ಸಂಬಂಧ ಸಾಬೀತಾದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 10 ವರ್ಷ, ಹುಡುಗಿ ಗರ್ಭಿಣಿಯಾದರೆ ಕನಿಷ್ಠ 20. ತಾಳಿ ಕಟ್ಟಿಬಿಟ್ಟರೆ ಬಚಾವು ಅಂದುಕೊಳ್ಳುವವರೂ ಇದ್ದಾರೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು, ಅಂದರೆ ಮದುವೆಯೇ ಆಗಿಲ್ಲದ ಲೆಕ್ಕ, ಹುಡುಗನ ತಲೆಗೆ ಇನ್ನೊಂದು ಕೇಸು ಬೀಳುತ್ತದೆ, ಅಷ್ಟೇ.

ಒಂದು ಕೇಸು ಇನ್ನೂ ಕಣ್ಣಮುಂದಿದೆ. ವಯಸ್ಸಿಗೆ ಕಡಿಮೆ ಬಿದ್ದಿದ್ದು 41 ದಿನ. ಆಧಾರ್ ಪ್ರಕಾರ ಅವಳಿಗೆ 18 ಆಗಿತ್ತು, ಶಾಲೆಯ ದಾಖಲೆ ಪ್ರಕಾರ ಆಗಿರಲಿಲ್ಲ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿ ಶಾಲೆಯ ದಾಖಲೆಗೇ ಮೊದಲ ಸ್ಥಾನ, ಆಧಾರ್ ಹೆಸರೇ ಅಲ್ಲಿಲ್ಲ. ಸಾಕ್ಷಿ ಹೇಳಲು ಬಂದಾಗ ಅವಳ ಕಂಕುಳಲ್ಲಿ ಕೂಸು. ಸರ್ಕಾರಿ ವಕೀಲರು ಆರೋಪಿಯ ಫೋಟೊ ತೋರಿಸಿ ‘ಇವರು ಯಾರಮ್ಮಾ?’ ಅಂದರು. ‘ನಮ್ಮನೆಯವರು’ ಅಂದಳು. ನಮ್ಮನೆಯವರು ಜೈಲು ಸೇರಿ ಆಗಲೇ 14 ತಿಂಗಳಾಗಿತ್ತು.

2022ರಲ್ಲಿ ನಮ್ಮ ಹೈಕೋರ್ಟೇ ಈ 18ರ ಮಿತಿಯ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. 2023ರ ವರದಿಯಲ್ಲಿ ಆಯೋಗ 18 ಅನ್ನು ಇಳಿಸುವುದು ಬೇಡ, 16ರಿಂದ 18ರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯಕ್ಕೆ ನ್ಯಾಯಾಧೀಶರಿಗೆ ವಿವೇಚನೆ ಕೊಡಿ ಅಂದಿತು. ನನ್ನ ಪ್ರಕಾರ ಅದೂ ಸಾಲದು. ಆದರೆ ನನ್ನ ಅಭಿಪ್ರಾಯ ತೋರಿಸಿದರೆ ಯಾರಿಗೂ ಜಾಮೀನು ಸಿಗಲ್ಲ!

ಇನ್ನು ಅವನ ಕೇಸು. ‘ಕೇಸಿದೆ’ ಅಂದರೆ ಎಫ್‌ಐಆರ್ ಇರಬಹುದು, ಚಾರ್ಜ್‌ಶೀಟ್ ಇರಬಹುದು, ಶಿಕ್ಷೆಯೇ ಆಗಿರಬಹುದು, ಖುಲಾಸೆಯಾಗಿದ್ದರೂ ಊರವರು ‘ಕೇಸಿದೆ’ ಅಂತಲೇ ಆಡಿಕೊಳ್ಳುತ್ತಾರೆ. ಇ-ಕೋರ್ಟ್ಸ್ ಸೈಟಿನಲ್ಲಿ ಅವನ ಹೆಸರು ಹಾಕಿ ಹುಡುಕಿ. ಅವನೀಗ ಜಾಮೀನಿನ ಮೇಲಿದ್ದರೆ, ತಂಗಿಯ ವಿಷಯದಲ್ಲಿ ಹೊಸ ಎಫ್‌ಐಆರ್ ಬಿದ್ದ ದಿನ ಹಳೇ ಜಾಮೀನಿಗೂ ಕುತ್ತು. ಹೊಸ ಕೇಸಿನಲ್ಲಿ ಜಾಮೀನು ಕೇಳುವಾಗ ಸರ್ಕಾರಿ ವಕೀಲರು ಮೊದಲು ಎತ್ತುವುದೂ ಆ ಹಳೇ ಕೇಸನ್ನೇ. ವಿಚಾರಣೆಯಲ್ಲಿ ಮಾತ್ರ, ಅಲ್ಲಿ ಹೊಡೆದವನು ಇಲ್ಲೂ ತಪ್ಪು ಮಾಡಿರುತ್ತಾನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಆದರೆ ನೀವು ಅಕ್ಕ, ಕೋರ್ಟಲ್ಲ. ಯಾರಿಗೆ ಹೊಡೆದ ಅಂತ ವಿಚಾರಿಸಿ. ಕ್ರಿಕೆಟ್ ಗಲಾಟೆಯಲ್ಲಿ ಕೈ ಕೈ ಮಿಲಾಯಿಸಿದ್ದು ಬೇರೆ, ಹಿಂದೆ ಪ್ರೀತಿಸಿದ್ದ ಹುಡುಗಿಗೆ ಹೊಡೆದಿದ್ದು ಬೇರೆ. ಎರಡನೆಯದಾದರೆ ಕಾನೂನಿನ ಮಾತು ಆಮೇಲೆ, ಮೊದಲು ತಂಗಿಯನ್ನು ದೂರ ಇಡಿ.

ನಿಮಗೂ ಒಂದು ತೊಡಕಿದೆ. ಅವರಿಬ್ಬರು ಮಾತಾಡುವುದು, ಜೊತೆಗೆ ಓಡಾಡುವುದು ಅಪರಾಧವಲ್ಲ. ಅದಕ್ಕಿಂತ ಮುಂದೆ ಹೋಗಿದೆ ಅಂತ ಗೊತ್ತಿದ್ದೂ ಮುಚ್ಚಿಟ್ಟರೆ ಪೋಕ್ಸೊ 21ನೇ ಕಲಮಿನಡಿ 6 ತಿಂಗಳವರೆಗೆ ಶಿಕ್ಷೆಯಾಗಬಹುದು. ಇದು ಗೊತ್ತಾದರೆ ಡಾಕ್ಟರ್ ಕೂಡ ಪೊಲೀಸರಿಗೆ ತಿಳಿಸಲೇಬೇಕು. ತಂಗಿಯ ಖಾಸಗಿ ಫೋಟೊ ಅವನ ಮೊಬೈಲಿನಲ್ಲಿದ್ದರೆ ಐಟಿ ಕಾಯ್ದೆಯಡಿ ಅದೇ ಬೇರೊಂದು ಅಪರಾಧ.

ಅಪ್ಪ ಠಾಣೆ ಮೆಟ್ಟಿಲು ಹತ್ತುವ ಮೊದಲೇ ತಂಗಿಯನ್ನು ಕರೆದುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ಸಲಹೆ ಉಚಿತ. 15100ಕ್ಕೂ ಫೋನ್ ಮಾಡಬಹುದು. ಹೋಗುವಾಗ ಅಂಕಪಟ್ಟಿಯ ಜೆರಾಕ್ಸ್ ಮರೆಯಬೇಡಿ.