ನೂರು ಚೀಲದಲ್ಲಿ ಐದು ನೋಡಿದರೆ ಸಾಕಾ?

ಈ ಸಲ ಓದುಗರ ಪತ್ರಗಳಿಂದ ಐದು ಪ್ರಶ್ನೆ ಎತ್ತಿಕೊಂಡಿದ್ದೇನೆ. ಶಿವಮೊಗ್ಗದಲ್ಲಿ ಬಹಳ ವರ್ಷ ಬಿ.ಕಾಂ. ಮಕ್ಕಳಿಗೆ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವನು ನಾನು. ಪುಸ್ತಕದ ಲೆಕ್ಕಗಳಿಗಿಂತ ಇಂಥ ಪತ್ರಗಳು ನನಗೆ ಜಾಸ್ತಿ ಇಷ್ಟ. ಇಲ್ಲಿ ಲೆಕ್ಕ ತಪ್ಪಿದರೆ ಯಾರದೋ ಕೈಯಿಂದ ದುಡ್ಡು ಹೋಗುತ್ತದೆ.

ಪ್ರಶ್ನೆ: ಹೊಸನಗರದ ಕಡೆ ಹಳ್ಳಿಗಳಲ್ಲಿ ಅಡಿಕೆ ಖರೀದಿ ಮಾಡುತ್ತೇನೆ. ಒಂದು ಕಡೆ 100 ಚೀಲ ರಾಶಿ ಅಡಿಕೆ ಇತ್ತು. ಐದು ಚೀಲ ಬಿಚ್ಚಿಸಿ ನೋಡಿದೆ, ಐದೂ ಚೆನ್ನಾಗಿತ್ತು. ತಂದ ಮೇಲೆ ನೋಡಿದರೆ ಹತ್ತು ಚೀಲದಲ್ಲಿ ಬೂಸ್ಟು ಹಿಡಿದಿದೆ. ಐದಕ್ಕೆ ಐದೂ ಚೆನ್ನಾಗಿದ್ದ ಮೇಲೆ ಹೀಗೆ ಹೇಗಾಯಿತು? ಮೋಸ ಹೋದೆನಾ?

ಉತ್ತರ: ಮೋಸ ಆಗಿರಬಹುದು, ಆಗದೆಯೂ ಇರಬಹುದು. ಮೊದಲು ಲೆಕ್ಕ ಹಾಕೋಣ.

ನೂರರಲ್ಲಿ ಹತ್ತು ಕೆಟ್ಟದ್ದು, ತೊಂಬತ್ತು ಒಳ್ಳೆಯದು. ಕಣ್ಣುಮುಚ್ಚಿ ಒಂದು ಚೀಲ ಮುಟ್ಟಿದರೆ ಅದು ಒಳ್ಳೆಯದಾಗಿರುವ ಸಂಭವ 100ಕ್ಕೆ 90. ಅದನ್ನು ಪಕ್ಕಕ್ಕಿಟ್ಟರೆ ಉಳಿದ 99ರಲ್ಲಿ 89 ಒಳ್ಳೆಯದು. ಮೂರನೆಯದಕ್ಕೆ 98ರಲ್ಲಿ 88. ಹೀಗೆ ಐದನ್ನೂ ಗುಣಿಸಿಕೊಂಡು ಹೋದರೆ 0.58 ಬರುತ್ತದೆ. ಅಂದರೆ ಯಾರೂ ಏನೂ ಮೋಸ ಮಾಡದಿದ್ದರೂ ನೂರಕ್ಕೆ 58 ಸಲ ನಿಮ್ಮ ಐದು ಚೀಲವೂ ಚೆನ್ನಾಗಿಯೇ ಕಾಣುತ್ತದೆ. ಅರ್ಧಕ್ಕಿಂತ ಜಾಸ್ತಿ!

ಹಾಗಾದರೆ ಎಷ್ಟು ಬಿಚ್ಚಬೇಕು? 12 ಬಿಚ್ಚಿದರೂ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ ಕೆಟ್ಟ ಚೀಲ ಕೈಗೆ ಸಿಗುವುದೇ ಇಲ್ಲ. 25 ಬಿಚ್ಚಿದರೆ ಆ ಸಂಭವ 4.8%ಕ್ಕೆ ಇಳಿಯುತ್ತದೆ. ಇಪ್ಪತ್ತೈದು ಚೀಲ ಬಿಚ್ಚಿ ಹೊಲಿಯುವುದು ಸುಮ್ನೆ ಮಾತಲ್ಲ, ಗೊತ್ತು. ಆದರೆ ಒಂದು ಸಮಾಧಾನ ಇದೆ. ಸಾವಿರ ಚೀಲದ ಲಾಟ್‌ನಲ್ಲಿ ನೂರು ಕೆಟ್ಟಿದ್ದರೆ 250 ಬಿಚ್ಚಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಬೇಡ. 29 ಸಾಕು. ಲಾಟ್ ಹತ್ತು ಪಟ್ಟು ದೊಡ್ಡದಾದರೂ ಬಿಚ್ಚಬೇಕಾದ ಚೀಲ ನಾಲ್ಕೇ ಜಾಸ್ತಿ. "ನೂರಕ್ಕೆ ಇಷ್ಟು" ಅಂತ ಸ್ಯಾಂಪಲ್ ತೆಗೆಯುವ ರೂಢಿ ಎಲ್ಲ ಕಡೆ ಇದೆ. ಸಣ್ಣ ಲಾಟ್‌ನಲ್ಲಿ ಅದು ನಿಮ್ಮನ್ನು ಕಾಯುವುದಿಲ್ಲ, ದೊಡ್ಡ ಲಾಟ್‌ನಲ್ಲಿ ಸುಮ್ನೆ ಕೆಲಸ ಹೆಚ್ಚಿಸುತ್ತದೆ.

ಈ ಲೆಕ್ಕವೆಲ್ಲ ನಿಲ್ಲುವುದು "ಕಣ್ಣುಮುಚ್ಚಿ" ಅನ್ನುವ ಒಂದು ಮಾತಿನ ಮೇಲೆ. ಎದುರಿಗಿದ್ದ ಐದು ಚೀಲ ಬಿಚ್ಚಿದಿರಾ? ಮಾಲಿನವರೇ ಎಳೆದು ಕೊಟ್ಟರಾ? ಹಾಗಾಗಿದ್ದರೆ 58% ಅಂತ ಹೇಳಲು ನನಗೂ ಹಕ್ಕಿಲ್ಲ. ಗೋಡೆಗೆ ತಾಗಿದ ಚೀಲಕ್ಕೆ, ಅಡಿಯಲ್ಲಿ ನೆಲದ ತೇವ ಕುಡಿದ ಚೀಲಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ನಿಮ್ಮ ಕೈ ಅಲ್ಲಿಗೆ ಹೋಗಿರುವುದೇ ಇಲ್ಲ.

ನಿಮ್ಮ ಅಡಿಕೆ ತುಂಬಿದ ಗೋಣಿಚೀಲ ಆಗುವುದು ಸೆಣಬಿನಿಂದ ತಾನೇ? ಬಂಗಾಳದಲ್ಲಿ ಸೆಣಬು ಎಷ್ಟು ಬೆಳೆದಿದೆ ಎಂದು ಅಂದಾಜು ಮಾಡುವ ಕೆಲಸವನ್ನು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಕೈಗೆತ್ತಿಕೊಂಡಾಗ ಎಲ್ಲ ಹೊಲ ಅಳೆಯಲು ಹೋಗಲಿಲ್ಲ. ಲಾಟರಿ ಎತ್ತಿದ ಹಾಗೆ ಜಾಗಗಳನ್ನು ಆರಿಸಿ ಅವನ್ನಷ್ಟೇ ಅಳೆಸಿದರು. ದಾರಿ ಪಕ್ಕದ ಹೊಲ ಸುಲಭ ಅಂತ ಅದಕ್ಕೇ ಇಳಿಯುವ ಹಾಗಿರಲಿಲ್ಲ. ನೀವೂ ಚೀಲಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿಸಿ, ಚೀಟಿ ಎತ್ತಿ. ಬಂದ ನಂಬರ್ ಮೂಲೆಯಲ್ಲಿದ್ದರೆ ಮೂಲೆಯಿಂದಲೇ ಎಳೆಸಿ.

ಪ್ರಶ್ನೆ: ಸಾಗರದಲ್ಲಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ 500 ಗ್ರಾಂ ಬಾಟ್ಲಿಯಲ್ಲಿ ಮಾರುತ್ತೇನೆ. ತೂಕ ಕಮ್ಮಿ ಇದೆ ಅಂತ ಒಬ್ಬ ಗಿರಾಕಿ ದೂರಿದರು. ಮನಸ್ಸಿಗೆ ಬಹಳ ಬೇಜಾರಾಯಿತು. ಬೇರೆ ಬೇರೆ ದಿನ ತುಂಬಿದ 25 ಬಾಟ್ಲಿ ಆರಿಸಿ, ಖಾಲಿ ಬಾಟ್ಲಿಯ ತೂಕ ಕಳೆದು ನೋಡಿದೆ. ಸರಾಸರಿ 494 ಗ್ರಾಂ ಬಂತು. ಸ್ಟ್ಯಾಂಡರ್ಡ್ ಡಿವಿಯೇಷನ್ 12 ಗ್ರಾಂ ಅಂತ ಮಗ ಹೇಳಿದ. ಆರು ಗ್ರಾಂ ಹೆಚ್ಚುಕಮ್ಮಿ ಸಹಜವಾ, ಇಲ್ಲ ನಿಜಕ್ಕೂ ಕಮ್ಮಿ ತುಂಬುತ್ತಿದ್ದೇನಾ?

ಉತ್ತರ: ದೂರು ಬಂದ ಕೂಡಲೇ ತಕ್ಕಡಿ ಹಿಡಿದಿರಿ, ಅದೂ ಬೇರೆ ಬೇರೆ ದಿನದ ಬಾಟ್ಲಿ ಆರಿಸಿ. ಬಹಳ ಸಂತೋಷವಾಯಿತು. ಒಂದೇ ದಿನದ 25 ಬಾಟ್ಲಿ ತೂಗಿದ್ದರೆ ಆ ದಿನ ತುಂಬಿದವರ ಕೈ ಅಳತೆ ಮಾತ್ರ ಗೊತ್ತಾಗುತ್ತಿತ್ತು.

ಮಿಡಿ ಒಂದು ದಪ್ಪ, ಒಂದು ಸಣ್ಣ. ಹಾಗಾಗಿ ಬಾಟ್ಲಿಯಿಂದ ಬಾಟ್ಲಿಗೆ 12 ಗ್ರಾಂನಷ್ಟು ಏರುಪೇರು ಇದೆ; ನಿಮ್ಮ ಮಗ ಹೇಳಿದ ಸ್ಟ್ಯಾಂಡರ್ಡ್ ಡಿವಿಯೇಷನ್ ಇದೇ. ಆದರೆ 25 ಬಾಟ್ಲಿಯ ಸರಾಸರಿ ಅಷ್ಟು ಓಲಾಡುವುದಿಲ್ಲ. ಒಂದರಲ್ಲಿ ಜಾಸ್ತಿಯಾದದ್ದು ಇನ್ನೊಂದರ ಕಮ್ಮಿಯನ್ನು ತುಂಬುತ್ತದೆ. ಎಷ್ಟು ಓಲಾಡುತ್ತದೆ ಎಂದು ತಿಳಿಯಲು 12ನ್ನು 25ರ ವರ್ಗಮೂಲ 5ರಿಂದ ಭಾಗಿಸಿ: 2.4 ಗ್ರಾಂ. ಇದಕ್ಕೆ ಸ್ಟ್ಯಾಂಡರ್ಡ್ ಎರರ್ ಅನ್ನುತ್ತೇವೆ. ನಿಮ್ಮ ಸರಾಸರಿ 500ಕ್ಕಿಂತ 6 ಗ್ರಾಂ ಕೆಳಗಿದೆ. 6ನ್ನು 2.4ರಿಂದ ಭಾಗಿಸಿದರೆ 2.5.

ಈಗ ಹೈಪಾಥಿಸಿಸ್ ಟೆಸ್ಟ್ ಕೇಳುವ ಪ್ರಶ್ನೆ ಇದು. ನೀವು ನಿಜಕ್ಕೂ ಸರಾಸರಿ 500 ಗ್ರಾಮೇ ತುಂಬುತ್ತಿದ್ದೀರಿ ಅಂತ ಒಂದು ಗಳಿಗೆ ನಂಬೋಣ. ಆಗ ಬರೀ ಅದೃಷ್ಟದ ಏರುಪೇರಿನಿಂದ, ಮೇಲಾಗಲಿ ಕೆಳಗಾಗಲಿ, ಇಷ್ಟು ದೂರ ಹೋಗುವುದು ಎಷ್ಟು ಅಪರೂಪ? ಸಣ್ಣ ಸ್ಯಾಂಪಲ್‌ಗೆಂದೇ ಇರುವ ಟಿ-ಟೇಬಲ್ ಪ್ರಕಾರ ಸುಮಾರು ನೂರಕ್ಕೆ ಎರಡು ಸಲ. ಇದೇ ಪಿ-ವ್ಯಾಲ್ಯೂ. ಅಷ್ಟು ಅಪರೂಪದ್ದು ನಿಮಗೇ ಆಯಿತು ಅನ್ನುವುದಕ್ಕಿಂತ, ತುಂಬುವುದೇ ಕಮ್ಮಿಯಾಗುತ್ತಿದೆ ಅನ್ನುವುದು ನಂಬುವ ಮಾತು.

ಟಿ-ಟೇಬಲ್ ಹುಟ್ಟಿದ್ದೂ ನಿಮ್ಮಂಥ ಚಿಂತೆಯಿಂದಲೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್‌ಗೆ ಸಣ್ಣ ಸಣ್ಣ ಸ್ಯಾಂಪಲ್‌ಗಳೇ ಸಿಗುತ್ತಿದ್ದವು. ದೊಡ್ಡ ಸ್ಯಾಂಪಲ್‌ನ ಸೂತ್ರ ಅಲ್ಲಿ ಸರಿಹೋಗುತ್ತಿರಲಿಲ್ಲ. 1908ರಲ್ಲಿ ಅವರು ದಾರಿ ಕಂಡುಹಿಡಿದು "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಕಮ್ಮಿ ಇದೆ ಅಂತ ತಿಳಿದರೆ ಸಾಲದು, ಎಷ್ಟು ಅಂತ ಗೊತ್ತಾಗಬೇಕು. 2.4ನ್ನು, 25 ಬಾಟ್ಲಿಗೆ ಆ ಟೇಬಲ್ ಕೊಡುವ 2.064ರಿಂದ ಗುಣಿಸಿ, 494ರ ಆಚೀಚೆ ಇಡಿ. 489ರಿಂದ 499. ಇದು 95% ಕಾನ್ಫಿಡೆನ್ಸ್ ಇಂಟರ್ವಲ್. ಕೊರತೆ ಒಂದು ಗ್ರಾಂ ಇರಬಹುದು, ಹನ್ನೊಂದೂ ಇರಬಹುದು.

ಸರಾಸರಿಯನ್ನು ಸರಿಯಾಗಿ 500ಕ್ಕೆ ತಂದು ನಿಲ್ಲಿಸಿದರೆ ಆಯಿತಾ? ಆಗುವುದಿಲ್ಲ. ಸರಾಸರಿ 500 ಅಂದರೆ ಅರ್ಧದಷ್ಟು ಬಾಟ್ಲಿ 500ಕ್ಕಿಂತ ಕೆಳಗೇ ಇರುತ್ತವೆ. ಪೊಟ್ಟಣ ಕಟ್ಟಿದ ಸಾಮಾನಿನ 2011ರ ನಿಯಮದಲ್ಲಿ 500 ಗ್ರಾಂಗೆ 3%, ಅಂದರೆ 15 ಗ್ರಾಂ ಹೆಚ್ಚುಕಮ್ಮಿಗೆ ಅವಕಾಶ ಇದೆ. 12 ಗ್ರಾಂ ಏರುಪೇರು ಹಾಗೇ ಉಳಿದರೆ ಹತ್ತರಲ್ಲಿ ಒಂದು ಬಾಟ್ಲಿ ಆ 485ರ ಗೆರೆಗಿಂತಲೂ ಕೆಳಗೆ ಹೋಗುತ್ತದೆ. 510ಕ್ಕೆ ತುಂಬಿದರೆ ಅದು ನೂರಕ್ಕೆ ಎರಡಾಗುತ್ತದೆ. ಇನ್ನೂ ಒಳ್ಳೆಯ ದಾರಿ ಅಂದರೆ ಏರುಪೇರನ್ನೇ ಇಳಿಸುವುದು. ಮಿಡಿ ಹಾಕಿ, ಬಾಟ್ಲಿಯನ್ನು ತಕ್ಕಡಿ ಮೇಲೆ ಇಟ್ಟುಕೊಂಡೇ ರಸ ಹೊಯ್ಯಿರಿ. ಆಮೇಲೆ ಮತ್ತೆ 25 ತೂಗಿ ನೋಡಿ. ಆ ಗಿರಾಕಿಗೆ ನೀವೇ ಫೋನ್ ಮಾಡಿ, ಅವರು ಹೇಳಿದ್ದು ನಿಜ ಅಂತ ತಿಳಿಸಿ.

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯ ಬಿ.ಕಾಂ. ವಿದ್ಯಾರ್ಥಿನಿ. 95% ಕಾನ್ಫಿಡೆನ್ಸ್ ಇಂಟರ್ವಲ್ ಬಗ್ಗೆ "ನಿಜವಾದ ಸರಾಸರಿ ಈ ಇಂಟರ್ವಲ್ ಒಳಗೆ ಇರುವ ಸಂಭವ 95%" ಅಂತ ಪರೀಕ್ಷೆಯಲ್ಲಿ ಬರೆದೆ. ತಪ್ಪು ಅಂತ ಮಾರ್ಕ್ಸ್ ಕಳೆದರು. ಹಾಗಾದರೆ 95% ಅಂದರೆ ಏನು?

ಉತ್ತರ: ನೋಡಮ್ಮ, ನೀನು ಬರೆದದ್ದನ್ನು ನಿನ್ನ ಹಾಗೆ ಎಷ್ಟೋ ಜನ ಬರೆಯುತ್ತಾರೆ. ಕ್ಲಾಸಿನಲ್ಲಿ ನಾನು ಇದನ್ನು ಒಂದು ಚೀಲ ಗೋಟಡಿಕೆ ಇಟ್ಟುಕೊಂಡು ವಿವರಿಸುತ್ತಿದ್ದೆ.

60 ಮಕ್ಕಳ ಕ್ಲಾಸ್ ಅಂದುಕೋ. ಚೀಲದ ಅಡಿಕೆಯನ್ನೆಲ್ಲ ನಾನು ಮೊದಲೇ ತೂಗಿ, ಎಣಿಸಿ, ಒಂದು ಅಡಿಕೆಯ ನಿಜವಾದ ಸರಾಸರಿ ತೂಕ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಒಬ್ಬೊಬ್ಬರೂ ಬಂದು ಚೆನ್ನಾಗಿ ಕಲಸಿ, 20 ಅಡಿಕೆ ತೆಗೆದು, ತೂಗಿ, ವಾಪಸ್ ಹಾಕಬೇಕು. ಪ್ರತಿಯೊಬ್ಬರೂ ತಮ್ಮ 20ರಿಂದ ಒಂದು 95% ಇಂಟರ್ವಲ್ ಕಟ್ಟಿ ಬೋರ್ಡ್ ಮೇಲೆ ಗೆರೆ ಎಳೆಯುತ್ತಾರೆ. ಅರವತ್ತು ಗೆರೆ, ಒಂದೂ ಇನ್ನೊಂದರ ಹಾಗಿಲ್ಲ. ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಕೆಲವು ಉದ್ದ, ಕೆಲವು ಗಿಡ್ಡ. ಈಗ ನಾನು ಜೇಬಿನ ಚೀಟಿ ತೆಗೆದು ನಿಜವಾದ ಸರಾಸರಿಯ ಜಾಗದಲ್ಲಿ ಒಂದು ನೆಟ್ಟಗಿನ ಗೆರೆ ಹಾಕುತ್ತೇನೆ. ಸುಮಾರು 57 ಮಕ್ಕಳ ಗೆರೆ ಅದನ್ನು ದಾಟುತ್ತದೆ. ಸುಮಾರು ಮೂವರದ್ದು ದಾಟುವುದಿಲ್ಲ.

ಇಲ್ಲಿ ಓಡಾಡಿದ್ದು ಯಾವುದು? ನಿಮ್ಮ ಗೆರೆಗಳು. ನಿಜವಾದ ಸರಾಸರಿ ಇದ್ದಲ್ಲೇ ಇತ್ತು. 95% ಅನ್ನುವುದು ಗೆರೆ ಕಟ್ಟುವ ವಿಧಾನದ ಗುಣ. ಒಮ್ಮೆ ನಿನ್ನ ಗೆರೆ ಬೋರ್ಡ್ ಮೇಲೆ ಬಿತ್ತು ಅಂದರೆ ಅದು ನಿಜವನ್ನು ಹಿಡಿದಿದೆ, ಇಲ್ಲವೇ ಹಿಡಿದಿಲ್ಲ. ಆ ಮೂವರ ಲೆಕ್ಕದಲ್ಲಿ ಯಾವ ತಪ್ಪೂ ಇರುವುದಿಲ್ಲ. ಜೀವನದಲ್ಲಿ ಯಾರ ಜೇಬಿನಲ್ಲೂ ಚೀಟಿ ಇಲ್ಲದಿರುವುದರಿಂದ, ಆ ಮೂವರಲ್ಲಿ ನೀನೂ ಒಬ್ಬಳಾ ಅಂತ ತಿಳಿಯುವ ದಾರಿ ಇಲ್ಲ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಮನ್ ಈ ವಿಚಾರವನ್ನು ಕಟ್ಟಿಕೊಟ್ಟಾಗಿನಿಂದ ಅರ್ಥ ಇದೇ. ಪರೀಕ್ಷೆಯಲ್ಲಿ ಹೀಗೆ ಬರೆ: "ಇದೇ ರೀತಿ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಇಂಟರ್ವಲ್ ಕಟ್ಟಿದರೆ ನೂರರಲ್ಲಿ ಸುಮಾರು 95 ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ."

ಗೆರೆ ಗಿಡ್ಡ ಆಗಬೇಕಾದರೆ ಹೆಚ್ಚು ಅಡಿಕೆ ತೂಗಬೇಕು. ಅರ್ಧ ಆಗಬೇಕಾದರೆ ನಾಲ್ಕು ಪಟ್ಟು. ಇರುವ ಸ್ಯಾಂಪಲ್‌ನಿಂದಲೇ ಅಂದಾಜನ್ನು ಎಷ್ಟು ಬಿಗಿ ಮಾಡಬಹುದು ಅನ್ನುವುದಕ್ಕೂ ಒಂದು ಮಿತಿ ಇದೆ. ಅದನ್ನು 1945ರಲ್ಲಿ ತೋರಿಸಿದವರು ಸಿ.ಆರ್. ರಾವ್, 1920ರಲ್ಲಿ ನಮ್ಮ ಹಡಗಲಿಯಲ್ಲಿ ಹುಟ್ಟಿದವರು. ನಿನ್ನ ಮುಂದಿನ ಪುಸ್ತಕಗಳಲ್ಲಿ ಕ್ರಾಮರ್-ರಾವ್ ಅಂತ ಸಿಕ್ಕಾಗ ನೆನಪಿಟ್ಟುಕೋ.

ಪ್ರಶ್ನೆ: ಮೂರು ವರ್ಷದಿಂದ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂದಿಲ್ಲ. ಈ ವರ್ಷ ಬಂದೇ ಬರುತ್ತದೆ ಅನ್ನುತ್ತಾರೆ. ಸಂಭವದ ಲೆಕ್ಕದಲ್ಲಿ ಸರಿಯಾ?

ಉತ್ತರ: ಸರಿಯಲ್ಲ. ನಾಣ್ಯ ಮೂರು ಸಲ ತಲೆ ಬಿದ್ದರೆ ನಾಲ್ಕನೇ ಸಲ ಹೂವು ಬೀಳುವ ಸಂಭವ ಅರ್ಧವೇ. ಹಿಂದಿನದು ಅದಕ್ಕೆ ನೆನಪಿರುವುದಿಲ್ಲ. ತೋಟದ ವಿಷಯ ನಾಣ್ಯದ ಹಾಗೂ ಅಲ್ಲ. ಕೊಳೆ ಬರುವುದು ಬಿಡದೆ ಹೊಯ್ಯುವ ಮಳೆಯಿಂದ, ತೋಟದಲ್ಲೇ ಉಳಿದ ರೋಗ ಹಿಡಿದ ಅಡಿಕೆ ಗೊನೆಗಳಿಂದ. ಸರದಿ ಪ್ರಕಾರ ಅದು ಬರುವುದಿಲ್ಲ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸುವುದನ್ನು ಯಾವ ವರ್ಷವೂ ಬಿಡಬೇಡಿ.

ಪ್ರಶ್ನೆ: ಜೋಗದ ಹತ್ತಿರ ಹೋಂಸ್ಟೇ ಇದೆ. ಫೋನ್ ಮಾಡಿ ವಿಚಾರಿಸಿದವರಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇನೆ. ಹಳೇ ಫೋಟೋ ಕಳಿಸಿದ 200 ಜನರಲ್ಲಿ 18 ಜನ ರೂಮ್ ಬುಕ್ ಮಾಡಿದರು. ದುಡ್ಡು ಕೊಟ್ಟು ಹೊಸ ಫೋಟೋ ತೆಗೆಸಿದ ಮೇಲೆ 200ರಲ್ಲಿ 30 ಜನ. ಪಿ-ವ್ಯಾಲ್ಯೂ 0.065 ಬಂತು, 0.05ಕ್ಕಿಂತ ಜಾಸ್ತಿ, ಹಾಗಾಗಿ ಫೋಟೋದಿಂದ ಏನೂ ಪ್ರಯೋಜನ ಇಲ್ಲ ಅಂತ ಸಂಬಂಧಿಕರ ಹುಡುಗ ಹೇಳಿದ. ದುಡ್ಡು ದಂಡವಾಯಿತಾ?

ಉತ್ತರ: ಹುಡುಗನ ಲೆಕ್ಕ ಸರಿ, ಮಾತು ತಪ್ಪು. "ವ್ಯತ್ಯಾಸ ಇದೆ ಅಂತ ಸಾಬೀತಾಗಲಿಲ್ಲ" ಅನ್ನುವುದು ಬೇರೆ, "ವ್ಯತ್ಯಾಸ ಇಲ್ಲ" ಅನ್ನುವುದು ಬೇರೆ. ಬುಕಿಂಗ್ 9%ದಿಂದ 15%ಕ್ಕೆ ಏರಿದೆ. ಆ ಏರಿಕೆಗೆ 95% ಇಂಟರ್ವಲ್ ಹಾಕಿದರೆ ಸೊನ್ನೆಗಿಂತ ಒಂದು ಚೂರು ಕೆಳಗಿನಿಂದ ಸುಮಾರು 12%ವರೆಗೆ ಹೋಗುತ್ತದೆ. ಏನೂ ಲಾಭ ಇಲ್ಲದಿರಬಹುದು, ಬಹಳ ಲಾಭವೂ ಇರಬಹುದು. ಒಂದೊಂದು ಕಡೆ 200 ಜನರಿಂದ ಇಷ್ಟೇ ಹೇಳಲು ಬರುವುದು. ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗಿದ್ದರೆ ಮಾತ್ರ ವ್ಯತ್ಯಾಸ ನಂಬಬೇಕು ಅನ್ನುವ ಗೆರೆ 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ ಅನುಕೂಲ ಅಂತ ಬಳಸಿದ್ದು, ಆಮೇಲೆ ಎಲ್ಲರೂ ಹಿಡಿದುಕೊಂಡರು. ವ್ಯಾಪಾರದ ತೀರ್ಮಾನ ಈ ಒಂದು ಗೆರೆ ನೋಡಿ ಮಾಡುವಂಥದ್ದಲ್ಲ ಎಂದು 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಕೂಡ ಹೇಳಿತು.

ನನಗೆ ಚಿಂತೆ ಬೇರೆ ಕಡೆ ಇದೆ. ಹಳೇ ಫೋಟೋ ಕಳಿಸಿದ್ದು ಯಾವ ತಿಂಗಳು, ಹೊಸದು ಯಾವ ತಿಂಗಳು? ಅದು ಬೇಸಿಗೆ, ಇದು ಜೋಗ ತುಂಬಿ ಬೀಳುವ ಮಳೆಗಾಲ ಆಗಿದ್ದರೆ ಜನರನ್ನು ಕರೆದದ್ದು ಶರಾವತಿಯೋ ಫೋಟೋವೋ? ಪಿ-ವ್ಯಾಲ್ಯೂ 0.001 ಬಂದಿದ್ದರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರ ಇರುತ್ತಿರಲಿಲ್ಲ.

ಹೀಗೆ ಮಾಡಿ. ಇನ್ನು ಮೇಲೆ ಒಬ್ಬೊಬ್ಬರು ವಿಚಾರಿಸಿದಾಗಲೂ ನಾಣ್ಯ ಹಾರಿಸಿ. ತಲೆ ಬಿದ್ದರೆ ಹಳೇ ಫೋಟೋ, ಹೂವು ಬಿದ್ದರೆ ಹೊಸದು. ನೋಟ್‌ಬುಕ್‌ನಲ್ಲಿ ಬರೆದಿಡಿ. ಮಾತಿನ ಧಾಟಿ ನೋಡಿ "ಇವರು ಬರುವವರು, ಹೊಸದನ್ನೇ ಕಳಿಸೋಣ" ಅಂತ ಬದಲಾಯಿಸಬೇಡಿ. ವ್ಯತ್ಯಾಸ ನಿಜಕ್ಕೂ 9ಕ್ಕೂ 15ಕ್ಕೂ ಇರುವಷ್ಟಿದ್ದರೆ ಅದನ್ನು ಹತ್ತಕ್ಕೆ ಎಂಟು ಸಲವಾದರೂ ಹಿಡಿಯಲು ಒಂದೊಂದು ಕಡೆಗೂ ಸುಮಾರು 460 ಜನ ಬೇಕು. ಮಧ್ಯದಲ್ಲಿ ದಿನಾ ಲೆಕ್ಕ ಹಾಕಿ, 0.05ಕ್ಕಿಂತ ಕೆಳಗಿಳಿದ ದಿನ ನಿಲ್ಲಿಸುವ ಆಸೆ ಬರುತ್ತದೆ. ಹಾಗೆ ನಿಲ್ಲಿಸಿದರೆ ಇಲ್ಲದ ವ್ಯತ್ಯಾಸವೂ ಇದ್ದ ಹಾಗೆ ಕಾಣುತ್ತದೆ. 460 ಆಗುವವರೆಗೆ ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ, ಕೂಡುವುದು ಬೇಡ.