ಆಳು ಹೋಗದ ನೆಲದ ಟೋಪೋಶೀಟ್

ಪ್ರಶ್ನೆ: ಟೋಪೋಶೀಟ್, ಅಂದರೆ ನೆಲದ ಏರಿಳಿತ, ಹಳ್ಳಕೊಳ್ಳ ತೋರಿಸುವ ಸರ್ವೆ ನಕ್ಷೆ, ಹರಡಿಕೊಂಡು ಹೇಮಾವತಿಯ ಜಾಡು ಹಿಡಿಯುವುದು ನನ್ನ ಹಳೆಯ ಹವ್ಯಾಸ. ಈಚೆಗೆ ಅಲಾಸ್ಕಾದ ಹಳೆಯ ನಕ್ಷೆಯೊಂದನ್ನು ನೋಡಿದೆ. ಊರಿಲ್ಲ, ದಾರಿಯಿಲ್ಲ; ಆದರೂ ತೊರೆತೊರೆಯನ್ನೂ ಬರೆದಿದ್ದಾರೆ. ಸರಪಳಿ ಹಿಡಿದು ಆಳು ಹೋಗಲಾಗದ ನೆಲವನ್ನು ಅಳೆದದ್ದು ಹೇಗೆ? ಅದನ್ನು ಎಷ್ಟು ನಂಬಬಹುದು?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ತಾವು ನೋಡಿದ್ದು ಬಹುಶಃ ಅಂಗುಲಕ್ಕೊಂದು ಮೈಲಿಯ, ಅಂದರೆ 1:63,360 ಪ್ರಮಾಣದ ಹಾಳೆ. ನಮ್ಮ ಹಳೆಯ ಟೋಪೋಶೀಟುಗಳ ಪ್ರಮಾಣವೂ ಅದೇ ಆಗಿತ್ತು. ಹುಟ್ಟಿದ ಬಗೆ ಮಾತ್ರ ಬೇರೆ. ಇಲ್ಲಿ ಸರ್ವೆಯವರು ಬೆಟ್ಟದ ನೆತ್ತಿಗಳಲ್ಲಿ ಥಿಯೋಡೊಲೈಟ್ ನಿಲ್ಲಿಸಿ ಕೋನ ಅಳೆದು, ಆ ತ್ರಿಕೋನಗಳೊಳಗಿನ ಹಳ್ಳಕೊಳ್ಳಗಳನ್ನು ನಡೆದೇ ಗುರುತಿಸಿದರು. ಅಲಾಸ್ಕಾದಲ್ಲಿಯೂ 1898ರಿಂದ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ತಂಡಗಳು ದೋಣಿಯಲ್ಲಿ, ಹೇರುಕುದುರೆಗಳೊಡನೆ ಹೋದದ್ದುಂಟು. ಆದರೆ ಅವರ ಕಣ್ಣಿಗೆ ಬಿದ್ದದ್ದು ನದಿಯ ಇಕ್ಕೆಲದ ನೆಲವಷ್ಟೇ. ಉಳಿದದ್ದನ್ನು ತುಂಬಿಕೊಟ್ಟದ್ದು ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಕ್ಯಾಮೆರಾವನ್ನು ನೇರ ಕೆಳಕ್ಕೂ ಎರಡನ್ನು ಎಡಬಲಕ್ಕೂ ವಾಲಿಸಿ, ಒಂದೇ ಹಾರಾಟದಲ್ಲಿ ದಿಗಂತದಿಂದ ದಿಗಂತದವರೆಗೆ ಚಿತ್ರ ತೆಗೆದರು. ಮುಂದೆ, ಒಂದರ ಮೇಲೊಂದು ಹಾಯುವಂತೆ ತೆಗೆದ ಜೋಡಿ ಚಿತ್ರಗಳನ್ನು ಎರಡು ಕಣ್ಣಿಗೂ ಬೇರೆಬೇರೆಯಾಗಿ ತೋರಿಸುವ ಯಂತ್ರದಲ್ಲಿಟ್ಟಾಗ ಬೆಟ್ಟಗಳು ಉಬ್ಬಿ ಕಾಣುತ್ತಿದ್ದವು. ನೆಲದ ಮೇಲೆ ಅಳೆದಿದ್ದ ಬೆರಳೆಣಿಕೆಯ ಬಿಂದುಗಳನ್ನು ಆಧಾರವಾಗಿಟ್ಟುಕೊಂಡು ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ಎಳೆದದ್ದು ಹೀಗೆ. ಮೋಡ ಮುಸುಕಿದರೆ ಕ್ಯಾಮೆರಾ ಕುರುಡು. ಅದಕ್ಕಾಗಿಯೇ 2010ರಿಂದ ಮೋಡವನ್ನೂ ತೂರಿ ಅಳೆಯಬಲ್ಲ ರೇಡಾರನ್ನು ವಿಮಾನದಲ್ಲಿಟ್ಟು ಇಡೀ ರಾಜ್ಯವನ್ನು ಮತ್ತೆ ಅಳೆಯತೊಡಗಿದರು.

ಇನ್ನು ನಂಬಿಕೆಯ ಮಾತು. ಬೆಟ್ಟದ ಇಳಿಜಾರಿನ ಮಟ್ಟಿಗೆ ಹಳೆಯ ಹಾಳೆಯನ್ನು ಬಹುಮಟ್ಟಿಗೆ ನಂಬಬಹುದು. ನದಿಯ ಪಾತ್ರದ ಮಟ್ಟಿಗೆ ನಾನಂತೂ ನಂಬಲಾರೆ. ಸಕಲೇಶಪುರದ ಹೇಮಾವತಿ ಆಷಾಢದಲ್ಲಿ ಎಷ್ಟು ಉಕ್ಕಿದರೂ ಬೇಸಿಗೆಗೆ ಹಳೆಯ ಪಾತ್ರಕ್ಕೇ ಮರಳುತ್ತಾಳೆ. ಹಿಮನದಿಯಿಂದ ಹೊರಡುವ ಅಲ್ಲಿನ ಹೊಳೆಗಳು ಹೊರಲಾರದಷ್ಟು ಜಲ್ಲಿ, ಹೂಳು ತಂದು ತಮ್ಮ ದಾರಿಗೇ ಸುರಿದುಕೊಂಡು, ಜಡೆಯ ಎಳೆಗಳಂತೆ ಕವಲೊಡೆದು, ವರ್ಷ ವರ್ಷವೂ ಕವಲು ಬದಲಿಸುತ್ತವೆ.

ಇನ್ನೊಂದು ಎಚ್ಚರಿಕೆ. ನೂರು ಅಡಿ ಎತ್ತರಕ್ಕೊಂದು ಸಮೋನ್ನತಿ ರೇಖೆಯಿರುವ ಹಾಳೆಯಲ್ಲಿ ಹೊಳೆಯನ್ನು ದಾಟುವ ಎರಡು ರೇಖೆಗಳ ನಡುವೆ ಎರಡು ಅಂಗುಲವಿದ್ದರೆ ಮೈಲಿಗೆ ಐವತ್ತು ಅಡಿ ಇಳಿತವೆಂದು ಲೆಕ್ಕ ಸಿಗುತ್ತದೆ. ಆದರೆ ಆ ನಡುವೆ ತೊಂಬತ್ತು ಅಡಿಯ ಜಲಪಾತವೊಂದು ಅಡಗಿದ್ದರೂ ರೇಖೆಗಳು ಅದನ್ನು ಹೇಳುವುದಿಲ್ಲ. ಹಾಳೆಯ ಅಂಚಿನಲ್ಲಿ ಮುದ್ರಣದ ವರ್ಷದ ಜೊತೆಗೆ ವೈಮಾನಿಕ ಚಿತ್ರ ತೆಗೆದ ವರ್ಷವೂ ಇದ್ದರೆ, ತಾವು ನೋಡುತ್ತಿರುವ ನದಿ ಆ ಎರಡನೆಯ ವರ್ಷದ್ದು.