ಮುಂಬೈಗೆ ಹೊಸಬ. ಇಲ್ಲಿನ ಕನ್ನಡ ಸಾಹಿತ್ಯ ಓದಲು ಎಲ್ಲಿಂದ ಶುರು ಮಾಡಲಿ?

ಜಯಂತ ಕಾಯ್ಕಿಣಿ ಅವರ ಕತೆಗಳಿಂದ ಶುರು ಮಾಡಿ. ಗೋಕರ್ಣದವರು, ವರ್ಷಗಟ್ಟಲೆ ಇಲ್ಲೇ ದುಡಿದವರು. ಗುರುತು ಪರಿಚಯ ಇಲ್ಲದ ಜನ ಒಬ್ಬರಿಗೊಬ್ಬರು ತೋರುವ ಅಕ್ಕರೆಯನ್ನು ಇಷ್ಟು ಹತ್ತಿರದಿಂದ ಬರೆದವರು ಕಡಿಮೆ. ಲೋಕಲ್ ರೈಲಿನಲ್ಲಿ ಎದುರು ಕೂತವರನ್ನು ನಾನು ನೋಡುವ ರೀತಿಯೇ ಬದಲಾಯಿತು. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಗೆದ್ದಿತು. ಅನುವಾದಿತ ಪುಸ್ತಕಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಆದರೆ ನಿಮಗೆ ಕನ್ನಡ ಬರುತ್ತಲ್ವಾ, ಮೂಲವನ್ನೇ ಓದಿ.

ಆಮೇಲೆ ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ', 1979ರದು. ಕಂಪನಿಯೊಳಗಿನ ಸಂಚು, ಭಯ. ಅವಸರ ಬೇಡ, ನಿಧಾನವಾಗಿ ಓದಿ.

ಪತ್ರಿಕೆ ಬೇಕಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ 'ನೇಸರು' ನೋಡಿ.